ಹತ್ತೊಂಬತ್ತನೆಯ ಅಧ್ಯಾಯ

"ಇದು ನನ್ನ ಮುಖಕ್ಕೆ ಅಗಲ ಆಯ್ತಲ್ವಾ?" ಎಂದು ಗಿರಾಕಿ ಮೂರನೆಯ ಸಲ ಕೇಳಿದಾಗಲೂ ಗುಬ್ಬಿಯ ಕಣ್ಣು ಕೌಂಟರಿನ ಕೆಳಗೆ ಬಚ್ಚಿಟ್ಟುಕೊಂಡ ಫೋನಿನ ಮೇಲೇ ಇತ್ತು. ಕನ್ನಡಕದಂಗಡಿಯಲ್ಲಿ ಹನ್ನೊಂದು ವರ್ಷ ಸವೆಸಿದವಳಿಗೆ ಗಿರಾಕಿಯ ಮುಖ ನೋಡದೆಯೂ ಉತ್ತರ ಕೊಡುವುದು ಬರುತ್ತದೆ. ಇಲ್ಲ ಸರ್, ನಿಮಗೇ ಹೇಳಿ ಮಾಡಿಸಿದ ಹಾಗಿದೆ ಎಂದಳು. ಆತ ಸಮಾಧಾನವಾಗಿ ಕನ್ನಡಿಯತ್ತ ತಿರುಗಿದ. ಅವಳು ಮತ್ತೆ ಇಮೇಲಿನ ಮೊದಲ ಸಾಲಿಗೆ ಹೋದಳು. 'ನಿಮ್ಮ ಕಾದಂಬರಿಯನ್ನು ಎರಡೇ ದಿನದಲ್ಲಿ ಓದಿ ಮುಗಿಸಿದೆ' ಎಂದಿತ್ತು. ಅದನ್ನೇ ಐದಾರು ಸಲ ಓದಿಕೊಂಡಳು. ಅದರ ಮುಂದಿನ ಸಾಲು 'ಆದರೆ' ಎಂದು ಶುರುವಾಗಿದ್ದರಿಂದ ಅಲ್ಲಿಗೆ ಹೋಗಲು ಧೈರ್ಯವಾಗಲಿಲ್ಲ.

ಈ ಏಜೆಂಟ್ ಅನ್ನುವವರು ಮನೆ ಬಾಡಿಗೆಗೆ ಕೊಡಿಸುವವರಲ್ಲ, ಬಸ್ಸಿನ ಟಿಕೆಟ್ ಮಾಡಿಸುವವರೂ ಅಲ್ಲ. ಕಾದಂಬರಿ ಬರೆದವರ ಪರವಾಗಿ ಪ್ರಕಾಶಕರ ಬಾಗಿಲು ತಟ್ಟುವವರು. ದೊಡ್ಡ ಪ್ರಕಾಶಕರು ಬರೆದವರ ಕೈಯಿಂದ ನೇರವಾಗಿ ಏನನ್ನೂ ಮುಟ್ಟುವುದಿಲ್ಲವಂತೆ, ಏಜೆಂಟರ ಮೂಲಕವೇ ಬರಬೇಕಂತೆ. ಆ ಏಜೆಂಟರನ್ನು ಒಲಿಸಿಕೊಳ್ಳಲು ಒಂದು ಪುಟದ ಪತ್ರ ಬರೆಯಬೇಕು. ಕಥೆ ಏನು, ನೀವು ಯಾರು, ಈ ಕಥೆಯನ್ನು ನೀವೇ ಯಾಕೆ ಬರೆಯಬೇಕು. ಮುನ್ನೂರು ಪುಟದ ಕಾದಂಬರಿ ಹೇಗೋ ಬರೆದುಬಿಡಬಹುದು, ಆ ಒಂದು ಪುಟ ಬರೆಯುವಷ್ಟರಲ್ಲಿ ಹೈರಾಣಾಗಿ ಹೋಗುತ್ತಾರೆ. ಗುಬ್ಬಿ ಒಂದೂವರೆ ವರ್ಷದಲ್ಲಿ ಇಪ್ಪತ್ತಮೂರು ಏಜೆಂಟರಿಗೆ ಬರೆದಿದ್ದಳು. ಹದಿನಾಲ್ಕು ಜನ ತುಟಿ ಪಿಟಕ್ಕೆನ್ನಲಿಲ್ಲ. ಎಂಟು ಜನ ನಯವಾಗಿ ಒಲ್ಲೆ ಎಂದರು. ಉಳಿದ ಒಬ್ಬಳು ಈ ಏಜೆಂಟಮ್ಮ.

ಗಿರಾಕಿಯನ್ನು ಸಾಗಹಾಕಿ, ಒಳಗೆ ಲೆನ್ಸ್ ಉಜ್ಜುವ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಉಳಿದದ್ದನ್ನು ಓದಿದಳು. ಏಜೆಂಟಮ್ಮ ಮುಲಾಜಿಲ್ಲದೆ ಬರೆದಿದ್ದಳು. ಹದಿನೆಂಟು ಅಧ್ಯಾಯಗಳ ತನಕ ಆ ಗಂಡನ ಪಾತ್ರ ಬಂದಾಗಲೆಲ್ಲ ತನ್ನ ಮೈ ಜುಮ್ಮೆಂದಿತು. ಒಂದು ಸಲವೂ ದನಿ ಏರಿಸದ ಮನುಷ್ಯ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಹೆಂಡತಿ ಮನೆ ಬಿಟ್ಟಳೆಂದು ಗೊತ್ತಾದ ಕೂಡಲೇ ಅವನು ತಟ್ಟೆ ಎಸೆದು ಕೂಗಾಡುತ್ತಾನೆ. 'ಇವನು ಬೇರೆ ಯಾರೋ. ಇವನನ್ನು ನಾನು ನಂಬುವುದಿಲ್ಲ. ನೀವೂ ನಂಬಿಲ್ಲ ಅನ್ನಿಸುತ್ತದೆ.' ವರ್ಷಕ್ಕೆ ತಾನು ಇಬ್ಬರೇ ಹೊಸಬರನ್ನು ತೆಗೆದುಕೊಳ್ಳುವುದು, ಈ ವರ್ಷ ಒಂದು ಜಾಗ ಉಳಿದಿದೆ, ಹತ್ತು ದಿನದಲ್ಲಿ ಆ ಅಧ್ಯಾಯ ತಿದ್ದಿ ಕಳಿಸಿದರೆ ನೋಡೋಣ ಎಂದು ಮುಗಿಸಿದ್ದಳು. ಅದು ಸೋಮವಾರ.

ಏಜೆಂಟಮ್ಮ ಹೇಳಿದ್ದು ಸರಿಯಾಗೇ ಇತ್ತು. ಗುಬ್ಬಿಗೆ ಸಿಟ್ಟು ಬಂದದ್ದೂ ಅದಕ್ಕೇ. ಮೊದಲ ಹದಿನೆಂಟು ಅಧ್ಯಾಯದ ಗಂಡ ಅವಳ ಕಲ್ಪನೆಯವನಾಗಿರಲಿಲ್ಲ. ಅವನು ಅವಳ ಭಾವ, ಅಕ್ಕನ ಗಂಡ.

ಭಾವ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಸೊಂಟ ಮುರಿದವರನ್ನು, ಲಕ್ವ ಹೊಡೆದವರನ್ನು ಮತ್ತೆ ನಡೆಸುವ ಕೆಲಸ. ಅವರ ಕೈಗುಣದ ಬಗ್ಗೆ, ತಾಳ್ಮೆಯ ಬಗ್ಗೆ ಊರೆಲ್ಲ ಮಾತಾಡುತ್ತಿತ್ತು. ಬೀದಿಯಲ್ಲಿ ಹೋಗುವಾಗ ಮುದುಕರು ನಿಂತು ಕೈ ಮುಗಿಯುತ್ತಿದ್ದರು. ಮನೆಯಲ್ಲೂ ಹಾಗೇ, ಬೈಗುಳವಿಲ್ಲ, ಹೊಡೆತವಿಲ್ಲ. ಅಕ್ಕ ಜಾರಿ ಬಿದ್ದರೆ ಕಷ್ಟ ಎಂದು ಬಚ್ಚಲಿನ ಒಳ ಚಿಲಕ ತೆಗೆಸಿದ್ದರು. ಅಕ್ಕನ ಫೋನು ಸಂಜೆಯಿಂದ ಬೆಳಗಿನ ತನಕ ಅವರ ಮಂಚದ ಪಕ್ಕದಲ್ಲೇ ಚಾರ್ಜ್ ಆಗುತ್ತಿತ್ತು. ಯಾರಾದರೂ ಅಕ್ಕನನ್ನು ಹೇಗಿದ್ದೀ ಎಂದು ಕೇಳಿದರೆ, ಚೆನ್ನಾಗಿದ್ದಾಳೆ, ನಿದ್ದೆ ಸ್ವಲ್ಪ ಕಮ್ಮಿ ಎಂದು ಅವರೇ ಹೇಳುತ್ತಿದ್ದರು. ಏನಾದರೂ ತಪ್ಪಾದರೆ ಮಾತು ನಿಲ್ಲಿಸುತ್ತಿದ್ದರು. ಒಮ್ಮೆ ಹನ್ನೊಂದು ದಿನ. ಯಾಕೆಂದು ಅಕ್ಕನಿಗೆ ಕೊನೆಗೂ ಗೊತ್ತಾಗಲಿಲ್ಲ.

ಇದೆಲ್ಲ ಗುಬ್ಬಿಗೆ ಗೊತ್ತಾದದ್ದು ಶನಿವಾರಗಳಲ್ಲಿ. ಶನಿವಾರ ಬೆಳಿಗ್ಗೆ ಅಕ್ಕ ತರಕಾರಿಗೆಂದು ಹೊರಟು ದಾರಿಯಲ್ಲಿ ಅಂಗಡಿಗೆ ಬರುತ್ತಿದ್ದಳು. ಅವಳ ಕನ್ನಡಕದ ಬಲಗಡೆಯ ಸ್ಕ್ರೂ ಸಡಿಲವಾಗಿರುತ್ತಿತ್ತು. ಮನೆಯಿಂದ ಹೊರಡುವ ಮುಂಚೆ ಉಗುರಿನಿಂದ ತಾನೇ ಸಡಿಲ ಮಾಡಿಕೊಂಡಿರುತ್ತಿದ್ದಳು. ಮೈನಸ್ ಎಂಟರ ಕಣ್ಣು, ಕನ್ನಡಕವಿಲ್ಲದಿದ್ದರೆ ಚಾಚಿದ ಕೈಯಾಚೆಗೆ ಎಲ್ಲವೂ ಮಂಜು. ಹಾಗಾಗಿ ಅದನ್ನು ಬಿಗಿ ಮಾಡಿಸಿಕೊಂಡು ಬರುವುದಕ್ಕೆ ಭಾವನ ಆಕ್ಷೇಪವಿರಲಿಲ್ಲ. ಗುಬ್ಬಿ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಎರಡು ನಿಮಿಷದ ಕೆಲಸವನ್ನು ಹತ್ತು ನಿಮಿಷ ಮಾಡುತ್ತಿದ್ದಳು. ಅಷ್ಟರಲ್ಲಿ ಅಕ್ಕ ವಾರದ್ದನ್ನೆಲ್ಲ ಹೇಳಿ ಮುಗಿಸಿ, ಬ್ಯಾಗೆತ್ತಿಕೊಂಡು ಹೊರಡುತ್ತಿದ್ದಳು.

ಒಂದು ಶನಿವಾರ ಅಕ್ಕ ಕೌಂಟರಿನ ಮೇಲೆ ಮುಂಗೈ ಚಾಚಿ, ಏನಾದ್ರೂ ಕಾಣುತ್ತಾ ನೋಡು ಎಂದಳು. ಏನೂ ಕಾಣುತ್ತಿರಲಿಲ್ಲ. ಹಿಂದಿನ ದಿನ ಭಾವ ಅವಳಿಗೊಂದು ವ್ಯಾಯಾಮ ಹೇಳಿಕೊಡುತ್ತ, ಮಾಮೂಲಿಯಾಗಿ ಮಾತಾಡುತ್ತಲೇ ಆ ಮಣಿಕಟ್ಟನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಬಗ್ಗಿಸಿ ಹಿಡಿದಿದ್ದರು. ಎಲ್ಲಿ ಒತ್ತಿದರೆ ಎಷ್ಟು ನೋಯುತ್ತದೆ, ಎಲ್ಲಿ ಒತ್ತಿದರೆ ಗುರುತು ಬೀಳುವುದಿಲ್ಲ ಅನ್ನುವುದು ಅವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಗುಬ್ಬಿಗೆ ಅಳು ಬಂತು, ನಿಜವಾಗಿಯೂ ಬಂತು. ಆದರೆ ಅಕ್ಕ ಬಾಗಿಲು ದಾಟಿದ ಕೂಡಲೇ ಅಂಗಡಿಯ ಚೀಟಿಯೊಂದರ ಬೆನ್ನ ಮೇಲೆ 'ಮುಂಗೈ ಚಾಚಿ ತೋರಿಸಿದಳು, ಗುರುತಿಲ್ಲ' ಎಂದು ಬರೆದುಕೊಂಡಳು. ಅಂಥ ಚೀಟಿಗಳು ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇದ್ದವು. ಬೆಳಗಿನ ಐದರಿಂದ ಏಳರ ತನಕ ಅಡುಗೆಮನೆಯ ಮೇಜಿನ ಮುಂದೆ ಕೂತು, ಫಿಸಿಯೋಥೆರಪಿಸ್ಟನನ್ನು ಗಡಿಯಾರ ರಿಪೇರಿಯವನನ್ನಾಗಿ ಮಾಡಿ, ಅಕ್ಕನನ್ನು ಒಂದಿಷ್ಟು ಎತ್ತರ ಮಾಡಿ, ಅವಳು ಆ ಚೀಟಿಗಳನ್ನು ಕಾದಂಬರಿಯಾಗಿಸಿದ್ದಳು. ಅಕ್ಕನ ಕಷ್ಟವನ್ನು ಕದಿಯುತ್ತಿದ್ದೇನೆ ಎಂದು ಅವಳಿಗೆ ಒಂದು ದಿನವೂ ಅನ್ನಿಸಲಿಲ್ಲ. ಯಾರಾದರೊಬ್ಬರು ಬರೆದಿಡಬೇಕಲ್ಲ ಎಂದುಕೊಳ್ಳುತ್ತಿದ್ದಳು. ಬರೆಯುವವರೆಲ್ಲ ಹಾಗೇ ಅಂದುಕೊಳ್ಳುವುದು.

ತಂಗಿ ಏನೋ ಬರೆಯುತ್ತಾಳೆ ಎಂಬಷ್ಟು ಅಕ್ಕನಿಗೂ ಗೊತ್ತಿತ್ತು. ನನ್ನನ್ನೂ ಸೇರಿಸು, ಆದ್ರೆ ಸ್ವಲ್ಪ ಸಣ್ಣ ಮಾಡಿ ಬರಿ ಕಣೇ ಎಂದು ನಗುತ್ತಿದ್ದಳು. ಅದು ತಮಾಷೆ ಎಂದೇ ಅಕ್ಕ ತಿಳಿದಿದ್ದಳು.

ಸೋಮವಾರ ಇಮೇಲ್ ಬಂದ ಮೇಲೆ ಗುಬ್ಬಿ ಐದು ಬೆಳಿಗ್ಗೆ ಹತ್ತೊಂಬತ್ತನೆಯ ಅಧ್ಯಾಯವನ್ನು ಕಟ್ಟಿ ಕೆಡವಿದಳು. ಒಂದರಲ್ಲಿ ಗಂಡ ಅತ್ತ. ಇನ್ನೊಂದರಲ್ಲಿ ಪೊಲೀಸರಿಗೆ ಫೋನ್ ಮಾಡಿದ. ಮತ್ತೊಂದರಲ್ಲಿ ಗಡಿಯಾರಗಳನ್ನೆಲ್ಲ ನಿಲ್ಲಿಸಿ ಕತ್ತಲಲ್ಲಿ ಕೂತ. ಅದನ್ನು ಬರೆದ ದಿನ ಅವಳಿಗೇ ನಗು ಬಂದು ಅಳಿಸಿಹಾಕಿದಳು. ಅವನು ಏನು ಮಾಡಿಯಾನು? ಇಷ್ಟು ವರ್ಷದಲ್ಲಿ ಭಾವ ಕೈಯಿಂದ ಏನಾದರೂ ತಪ್ಪಿಹೋದದ್ದನ್ನು ಅವಳು ನೋಡಿಯೇ ಇರಲಿಲ್ಲ. ಅಂಗಡಿಯಲ್ಲಿ ಒಂದೇ ದಿನ ಎರಡು ಲೆನ್ಸ್ ತಪ್ಪಾಗಿ ಉಜ್ಜಿದಳು. ಮಾಲೀಕರು ಏನಾಯ್ತಮ್ಮ ಎಂದು ಕೇಳಿದರೆ ತಲೆನೋವು ಎಂದಳು.

ಶನಿವಾರ ಅಕ್ಕ ಬಂದಳು. ಕನ್ನಡಕ ತೆಗೆದು ಕೊಟ್ಟು, ಹಿಂದೆ ತಿರುಗಿ ಬಾಗಿಲು ನೋಡಿ, ಕೌಂಟರಿನ ಮೇಲೆ ಬಗ್ಗಿದಳು.

"ಗುರುವಾರ ಹೊರಡ್ತಿದೀನಿ ಕಣೇ," ಎಂದಳು. "ವಾಪಸ್ ಬರಲ್ಲ."

ಗುಬ್ಬಿಯ ಕೈಯಿಂದ ಸ್ಕ್ರೂ ಜಾರಿ ಗಾಜಿನ ಮೇಲೆ ಉರುಳಿತು. ಅಕ್ಕ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಶಾಲೆಯ ಕಾಲದ ಗೆಳತಿಯೊಬ್ಬಳು ದೂರದ ಊರಿನಲ್ಲಿ ಟೀಚರು. ಅಲ್ಲಿನ ಮಕ್ಕಳ ಹಾಸ್ಟೆಲಿಗೆ ಮೇಲ್ವಿಚಾರಕಿ ಬೇಕಾಗಿದೆ, ಇರಲು ಕೋಣೆ ಕೊಡುತ್ತಾರೆ, ಒಳಗಿನಿಂದ ಚಿಲಕ ಇರುವ ಕೋಣೆ. ಭಾವ ಬುಧವಾರ ಸಂಜೆ ಎರಡು ದಿನದ ತರಬೇತಿಗೆಂದು ಬೇರೆ ಊರಿಗೆ ಹೋಗುವವರಿದ್ದರು, ಬರುವುದು ಶುಕ್ರವಾರ ರಾತ್ರಿ. ಗುರುವಾರ ಹತ್ತು ಗಂಟೆಗೆ ಬಸ್ಸು. ಬಟ್ಟೆ ಬರೆ ಏನೂ ಒಯ್ಯುವುದಿಲ್ಲ, ತರಕಾರಿ ಚೀಲವೊಂದೇ. ಹದಿನಾರು ವರ್ಷದ ಸಂಸಾರದಲ್ಲಿ ಇಂಥ ಇನ್ನೊಂದು ಅವಕಾಶ ಬಂದಿಲ್ಲ, ಇದು ತಪ್ಪಿದರೆ ಇನ್ನು ಬರುವುದೂ ಇಲ್ಲ ಎಂದಳು. ಹೇಳುವಾಗ ಅವಳ ಬರಿಗಣ್ಣು ಗುಬ್ಬಿಯ ಮುಖದ ಆಚೆ ಎಲ್ಲೋ ನೋಡುತ್ತಿತ್ತು.

"ನಿನ್ನೊಬ್ಬಳಿಗೇ ಹೇಳಿರೋದು," ಎಂದಳು. "ಆ ಗೆಳತಿಗೂ ಯಾವ ದಿನ ಬರ್ತೀನಿ ಅಂತ ಹೇಳಿಲ್ಲ."

ಗುಬ್ಬಿಗೆ ಖುಷಿಯಾಯಿತು, ಭಯವಾಯಿತು, ಅಕ್ಕನ ಕೈ ಹಿಡಿದು ಹೋಗಕ್ಕ, ಹಿಂದೆ ನೋಡದೆ ಹೋಗು ಎಂದಳು. ಅದು ಹೃದಯದಿಂದಲೇ ಬಂದ ಮಾತು. ಆದರೆ ಅಕ್ಕ ಹೋದ ಮೇಲೆ ಅವಳ ಕೈ ಚೀಟಿಯನ್ನು ಹುಡುಕಿತು. ಹಳೆಯ ಕರಡಿನಲ್ಲಿ ಹೆಂಡತಿ ಗಂಡ ಮಲಗಿದ್ದಾಗ ಮನೆ ಬಿಡುತ್ತಿದ್ದಳು. ಗಂಡ ಊರಲ್ಲಿಲ್ಲದಾಗ, ಬರಿಯ ತರಕಾರಿ ಚೀಲ ಹಿಡಿದು ಹೋಗುವುದು ಅದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅಂದು ಸಂಜೆಯೇ ಅದನ್ನು ಬದಲಾಯಿಸಿದಳು. ಹೆಂಡತಿ ಹೋಗುವುದು ಸರಿಯಾಗಿ ಕೂತಿತು. ಗಂಡ ಮಾತ್ರ ಬಾಯಿ ಬಿಡಲಿಲ್ಲ.

ಹದಿನೈದು ದಿನಕ್ಕೊಮ್ಮೆ ಭಾನುವಾರ ಗುಬ್ಬಿ ಅಕ್ಕನ ಮನೆಯಲ್ಲಿ ಊಟ ಮಾಡುವುದು ರೂಢಿ. ಆ ಭಾನುವಾರ ಹೋಗದೆ ಇದ್ದಿದ್ದರೆ ಸಂಶಯ ಬರುತ್ತಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಹೋದದ್ದೇನೋ ಸರಿ. ಅಕ್ಕ ಒಗೆದ ಬಟ್ಟೆ ಹರವಲು ಮಾಳಿಗೆಗೆ ಹೋಗಿದ್ದಳು. ಭಾವ ಅಡುಗೆಮನೆಯಲ್ಲಿ ನಿಂತು ಸೌತೆಕಾಯಿ ಹೆಚ್ಚುತ್ತಿದ್ದರು. ಒಂದೊಂದು ಬಿಲ್ಲೆಯೂ ಒಂದೇ ದಪ್ಪ. ಬಾ ಗುಬ್ಬಿ, ಬಿಸಿಲಲ್ಲಿ ಬಂದಿದೀಯ ಎಂದು ನೀರು ಕೊಟ್ಟರು. ಕೊರಳ ಹಿಂದೆ ನೋವು ಹೇಗಿದೆ ಎಂದು ವಿಚಾರಿಸಿದರು. ಬಗ್ಗಿ ಕೂತು ಕೆಲಸ ಮಾಡುವವರು ಗಂಟೆಗೊಮ್ಮೆ ಎದ್ದು ನಿಲ್ಲಬೇಕು ಎಂದರು.

ಗುಬ್ಬಿ ಬಾಗಿಲ ಚೌಕಟ್ಟಿಗೆ ಒರಗಿ ಆ ಕೈಗಳನ್ನೇ ನೋಡುತ್ತಿದ್ದಳು. ಇನ್ನು ನಾಲ್ಕು ದಿನ ಉಳಿದಿದೆ ಎಂದು ಅವಳ ತಲೆಯೊಳಗೆ ಓಡುತ್ತಿತ್ತು. ಅದು ಅಕ್ಕನ ಗುರುವಾರದ ಲೆಕ್ಕವಲ್ಲ, ಏಜೆಂಟಮ್ಮನ ಗಡುವಿನ ಲೆಕ್ಕ. ಕಾದಂಬರಿಯ ವಿಷಯ ಎಂದು ಕೇಳಿದರೆ ಯಾರಿಗೆ ಏನು ಗೊತ್ತಾಗುತ್ತದೆ? ಕಥೆ ಅಂದರೆ ಕಥೆ. ಅಷ್ಟು ದೊಡ್ಡ ಮುಸುಕು ಇನ್ನೊಂದಿಲ್ಲ ಎಂದುಕೊಂಡಳು ಪುಣ್ಯಾತ್ಗಿತ್ತಿ.

"ಭಾವ, ನನ್ನ ಕಾದಂಬರೀಲಿ ಒಂದು ಕಡೆ ಸಿಕ್ಕಿಹಾಕ್ಕೊಂಡಿದೀನಿ," ಎಂದಳು. "ಒಬ್ಬ ಗಂಡ ಇದಾನೆ. ಒಳ್ಳೆಯವನು, ಎಲ್ರೂ ಹೊಗಳ್ತಾರೆ. ಹೆಂಡ್ತಿ ಒಂದಿನ ಹೇಳದೆ ಕೇಳದೆ ಮನೆ ಬಿಟ್ಟು ಹೋಗ್ತಾಳೆ. ಅವನು ಏನು ಮಾಡ್ತಾನೆ ಅಂತಾನೇ ತೋಚ್ತಿಲ್ಲ."

ಚಾಕು ನಿಲ್ಲಲಿಲ್ಲ. ನೀನು ಏನು ಬರೆದಿದ್ದೀ ಎಂದು ಭಾವ ಕೇಳಿದರು. ತಟ್ಟೆ ಎಸೆದು ಕೂಗಾಡುತ್ತಾನೆ ಅಂತ ಬರೆದಿದ್ದೆ, ಚೆನ್ನಾಗಿಲ್ಲ ಅಂದರು ಎಂದಳು. ಭಾವ ನಕ್ಕರು. ಪಾಪ, ತಟ್ಟೆ ಏನು ಮಾಡಿತ್ತು ಎಂದರು. ಗುಬ್ಬಿಯೂ ನಕ್ಕಳು. ಹೆಚ್ಚಿದ್ದನ್ನು ಬಟ್ಟಲಿಗೆ ಹಾಕಿ, ಚಾಕುವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಬಟ್ಟೆಯಲ್ಲಿ ಅದರ ಎರಡೂ ಬದಿ ಒರೆಸಿದರು.

"ಕೂಗಾಡೋನು ಕೈಲಾಗದೋನು," ಎಂದರು. "ಹೋಗೋರಿಗೆ ಹೋಗೋಕೆ ಒಂದು ಜಾಗ ಬೇಕಲ್ಲ ಗುಬ್ಬಿ. ಇವನು ಕೂತ್ಕೊಂಡು ಆ ಜಾಗ ಯಾವುದು ಅಂತ ಯೋಚ್ನೆ ಮಾಡ್ತಾನೆ. ಅಷ್ಟೇ."

ಗುಬ್ಬಿಯ ಬೆನ್ನ ಮೇಲೆ ತಣ್ಣಗೆ ಏನೋ ಹರಿಯಿತು. ಆ ಕ್ಷಣಕ್ಕೆ ಅದು ಭಯವಲ್ಲ, ಸಂತೋಷ. ಸಿಕ್ಕಿತು, ಸಿಕ್ಕಿತು ಎಂದು ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಭಾವ ಬಟ್ಟಲು ಹಿಡಿದು ಊಟದ ಮೇಜಿನ ಕಡೆ ಹೊರಟವರು ತಿರುಗಿ, ಆದರೂ ನಿನ್ನ ಕಥೆಯಲ್ಲಿ ಒಂದು ತಪ್ಪಿದೆ ಎಂದರು. ಅಂಥ ಗಂಡನ ಕಣ್ಣು ತಪ್ಪಿಸಿ ಹೆಂಡತಿ ಹೇಗೆ ಹೋಗುತ್ತಾಳೆ? ತರಕಾರಿಗೆ ಹೋದವಳು ಹಾಗೇ ಹೋದಳು ಅಂದರೆ ಯಾರೂ ನಂಬುವುದಿಲ್ಲ.

ತನ್ನ ಕಥೆಯಲ್ಲಿ ತಪ್ಪಿದೆ ಎಂದರೆ ಸುಮ್ಮನಿರುವ ಲೇಖಕರು ಇದ್ದಾರೆಯೇ? ಇಪ್ಪತ್ತೆರಡು ಏಜೆಂಟರ ಮುಂದೆ ಬಾಯಿ ಬಿಡಲಾಗದೆ ನುಂಗಿಕೊಂಡದ್ದೆಲ್ಲ ಒಮ್ಮೆಗೇ ನಾಲಿಗೆಗೆ ಬಂತು.

"ಅಲ್ಲ ಭಾವ, ಅವನು ಊರಲ್ಲಿರೋದೇ ಇಲ್ಲ," ಎಂದಳು. "ಕೆಲಸದ ಮೇಲೆ ಎರಡು ದಿನ ಹೋಗಿರ್ತಾನೆ. ಆಗ ಹೋಗ್ತಾಳೆ."

"ಹಾಂ," ಎಂದರು ಭಾವ. ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ಸರಿ ಕೂರುತ್ತೆ."

ಆಮೇಲೆ ಮೆಟ್ಟಿಲ ಬಳಿ ಹೋಗಿ ಮೆತ್ತಗಿನ ದನಿಯಲ್ಲಿ ಅಕ್ಕನನ್ನು ಊಟಕ್ಕೆ ಕರೆದರು. ಊಟದ ಹೊತ್ತಿನಲ್ಲಿ ಎಂದಿನಂತೆ ಆಸ್ಪತ್ರೆಯ ಮಾತಾಡಿದರು. ಎಂಬತ್ತು ವರ್ಷದ ಅಜ್ಜಿಯೊಬ್ಬರು ನಾಲ್ಕು ಹೆಜ್ಜೆ ನಡೆದದ್ದನ್ನು ಹೇಳಿ ನಗಿಸಿದರು. ಅಕ್ಕನಿಗೆ ತಾವೇ ಎರಡು ಸಲ ಬಡಿಸಿದರು. ಗುಬ್ಬಿಗೆ ಊಟದ ರುಚಿಯೇ ಗೊತ್ತಾಗಲಿಲ್ಲ. ಆ ಮೂರು ಸಾಲು ಮರೆತುಹೋಗದಿರಲಿ ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಹತ್ತೊಂಬತ್ತನೆಯ ಅಧ್ಯಾಯ ಒಂದೇ ಉಸಿರಿಗೆ ಬಂತು. ಗಡಿಯಾರ ರಿಪೇರಿಯವನು ಊರಿಂದ ಬರುತ್ತಾನೆ. ಮನೆ ಖಾಲಿ. ಚಪ್ಪಲಿ ಬಿಚ್ಚಿಡುತ್ತಾನೆ, ಕೈ ತೊಳೆಯುತ್ತಾನೆ, ಸೌತೆಕಾಯಿ ಹೆಚ್ಚುತ್ತ ಜಾಗ ಯಾವುದೆಂದು ಯೋಚಿಸುತ್ತಾನೆ. ಬರೆಯುವಾಗ ಅವಳ ಬೆರಳುಗಳೇ ತಣ್ಣಗಾದವು. ಇಷ್ಟು ವರ್ಷದಲ್ಲಿ ಇಷ್ಟು ಒಳ್ಳೆಯ ಎಂಟು ಪುಟ ಬರೆದಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಎರಡು ಸಲ ತಿದ್ದಿ, ಏಳೂವರೆಗೆ ಕಳಿಸಿ, ಹಾಡು ಗುನುಗುತ್ತ ಸ್ನಾನಕ್ಕೆ ಹೋದಳು.

ಮಧ್ಯಾಹ್ನ ಲೆನ್ಸ್ ಉಜ್ಜುವಾಗ, ಯಂತ್ರದ ಸದ್ದಿನ ನಡುವೆ, 'ಹಾಗಾದ್ರೆ ಸರಿ ಕೂರುತ್ತೆ' ಎಂಬ ಮಾತು ಮತ್ತೆ ಕೇಳಿಸಿತು. ಈ ಸಲ ಅದು ಕಥೆಯ ಮಾತಿನ ಹಾಗೆ ಕೇಳಿಸಲಿಲ್ಲ. ಯಂತ್ರ ನಿಲ್ಲಿಸಿ ಫೋನು ಕೈಗೆ ತೆಗೆದುಕೊಂಡಳು. ಅಕ್ಕನಿಗೆ ಫೋನ್ ಮಾಡುವ ಹಾಗಿರಲಿಲ್ಲ, ಯಾರು ಎಷ್ಟು ಹೊತ್ತಿಗೆ ಮಾಡಿದರೆಂದು ಸಂಜೆ ಭಾವ ನೋಡುತ್ತಾರೆ. ಮನೆಗೇ ಹೋಗಿಬಿಡೋಣವೆಂದರೆ, ಎಂದೂ ಸೋಮವಾರ ಬಾರದವಳು ಇಂದು ಯಾಕೆ ಬಂದಳೆಂದು ಎದುರು ಮನೆಯವರೇ ಭಾವನಿಗೆ ಹೇಳುತ್ತಾರೆ. ಏನೂ ಆಗುವುದಿಲ್ಲ, ಕಥೆ ಅಂದಿದ್ದೇನಲ್ಲ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಮಂಗಳವಾರವೂ ಅದನ್ನೇ ಹೇಳಿಕೊಂಡಳು. ಅಂದು ಊಟದ ಡಬ್ಬಿ ತೆರೆದಿದ್ದನ್ನು ಹಾಗೇ ಮುಚ್ಚಿ ಮನೆಗೆ ಒಯ್ದಳು.

ಬುಧವಾರ ನಾಲ್ಕು ಗಂಟೆಗೆ ಅಂಗಡಿಯ ಬಾಗಿಲು ತೆರೆದುಕೊಂಡಾಗ ತಲೆಯೆತ್ತಿದರೆ ಭಾವ. ಕೈಯಲ್ಲಿ ಕರವಸ್ತ್ರದೊಳಗೆ ಸುತ್ತಿದ ಅಕ್ಕನ ಕನ್ನಡಕ. ಊರಿಗೆ ಹೊರಡುವವರ ಹಾಗೆ ಕಾಣಲಿಲ್ಲ. ಬಟ್ಟೆಯ ಬ್ಯಾಗಿಲ್ಲ, ಏನಿಲ್ಲ. ಮಾಲೀಕರು ಎದ್ದುಬಂದು, ಡಾಕ್ಟ್ರೇ ಬನ್ನಿ ಎಂದು ಕುರ್ಚಿ ಒರೆಸಿ ಕೊಟ್ಟರು. ಅವರ ತಾಯಿಯ ಮೊಣಕಾಲು ಸರಿಮಾಡಿದವರು ಭಾವನೇ.

ಈ ಸ್ಕ್ರೂ ಪದೇಪದೇ ಯಾಕೆ ಸಡಿಲವಾಗುತ್ತದೆ ಎಂದು ಭಾವ ಗುಬ್ಬಿಯನ್ನು ಕೇಳಿದರು. ಹಳೆಯದಾಯ್ತಲ್ಲ ಭಾವ ಎಂದಳು. ಅವರು ಕನ್ನಡಕವನ್ನು ಬೆಳಕಿಗೆ ಹಿಡಿದು, ಸ್ಕ್ರೂ ಸವೆದಿಲ್ಲವಲ್ಲ, ಅದರ ತಲೆಯ ಮೇಲೆ ಉಗುರಿನ ಗೀರು ಇದೆ ಎಂದರು. ನಿಧಾನವಾಗಿ ಸರಿಮಾಡಿಡು, ಶುಕ್ರವಾರ ಬಂದು ಒಯ್ಯುತ್ತೇನೆ, ಅವಸರವೇನಿಲ್ಲ ಎಂದು ಕೌಂಟರಿನ ಮೇಲಿಟ್ಟರು.

"ಎರಡು ದಿನ ಅಕ್ಕ ಹೇಗಿರ್ತಾಳೆ? ಏನೂ ಕಾಣ್ಸಲ್ಲ ಅವಳಿಗೆ," ಎಂದಳು ಗುಬ್ಬಿ.

"ನಾನಿದೀನಲ್ಲ," ಎಂದರು ಭಾವ. "ತರಬೇತಿಗೆ ಬೇರೆಯವರನ್ನ ಕಳಿಸಿದೆ."

ಹೊರಡುವ ಮುಂಚೆ, ನೀನು ಉಪಯೋಗಿಸುವಂಥ ಸಣ್ಣ ಸ್ಕ್ರೂಡ್ರೈವರ್ ಒಂದಿದ್ದರೆ ಕೊಡು ಎಂದು ಕೇಳಿದರು. ಇನ್ನು ಮೇಲೆ ಮನೆಯಲ್ಲಿ ತಾವೇ ಬಿಗಿ ಮಾಡುತ್ತಾರಂತೆ, ಅವಳು ಪ್ರತಿ ವಾರ ಇಷ್ಟು ದೂರ ಬರುವುದು ಯಾಕೆ ಎಂದರು. ಮಾಲೀಕರೇ ಹೊಸದೊಂದನ್ನು ಡಬ್ಬಿಯಿಂದ ತೆಗೆದು, ದುಡ್ಡು ಬೇಡ ಎಂದು ಕೈಗಿತ್ತರು. ಭಾವ ಅದನ್ನು ಜೇಬಿಗೆ ಹಾಕಿಕೊಂಡು, ನಿನ್ನ ಅಧ್ಯಾಯ ಮುಗಿಯಿತೇ ಎಂದು ನಗುತ್ತ ಕೇಳಿದರು. ಗುಬ್ಬಿ ತಲೆಯಾಡಿಸಿದಳು. ಒಳ್ಳೇದಾಯ್ತು ಎಂದು ಹೇಳಿ ಹೋದರು.

ಗುಬ್ಬಿ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಗುರುವಾರ ಎಂಟೂವರೆಗೆ ಕನ್ನಡಕ ಹಿಡಿದು ಅಕ್ಕನ ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ಕನ್ನಡಕ ಕೊಟ್ಟು, ಭಾವನ ಎದುರಿಗೇ ಅಕ್ಕನ ಕೈ ಹಿಡಿದು ಕರೆದುಕೊಂಡು ಬಂದುಬಿಡುವುದು, ಆಮೇಲೆ ಆದದ್ದಾಗಲಿ ಎಂದು ದಾರಿಯುದ್ದಕ್ಕೂ ಧೈರ್ಯ ತಂದುಕೊಂಡಿದ್ದಳು. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಏಜೆಂಟಮ್ಮ. ನೋಡಬಾರದು ಎಂದುಕೊಂಡಳು. ಎರಡು ಮೆಟ್ಟಿಲು ಹತ್ತಿ ನಿಂತು ನೋಡಿದಳು. 'ಆ ಮನುಷ್ಯ ಜಾಗದ ಬಗ್ಗೆ ಯೋಚಿಸುತ್ತಾನಲ್ಲ, ಅಲ್ಲಿ ಹಾಳೆ ಕೆಳಗಿಟ್ಟು ಎದ್ದು ಹೋಗಿ ನನ್ನ ಮನೆಯ ಬಾಗಿಲು ಹಾಕಿದೆಯೇ ಎಂದು ನೋಡಿಬಂದೆ. ಈ ವರ್ಷದ ಇನ್ನೊಂದು ಜಾಗ ನಿಮ್ಮದು. ಇದು ನಿಮಗೆ ಹೊಳೆದದ್ದಾದರೂ ಹೇಗೆ?' ಒಂದೂವರೆ ವರ್ಷ ಕಾದ ಪತ್ರ. ಎದೆಯಲ್ಲಿ ಒಂದು ಗಳಿಗೆ, ಒಂದೇ ಗಳಿಗೆ, ಸಂತೋಷ ಉಕ್ಕಿತು. ಅದನ್ನು ಅವಳಿಂದ ತಡೆಯಲಾಗಲಿಲ್ಲ.

ಬಾಗಿಲು ತೆರೆದವರು ಭಾವ. ಅರೆ, ಶುಕ್ರವಾರ ಅಂದಿದ್ದೆನಲ್ಲ ಎಂದು ಅವಳ ಕೈಯಿಂದ ಕನ್ನಡಕ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಅಕ್ಕ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. ತಲೆ ಬಾಚಿ ಹೊಸ ಬಟ್ಟೆ ಉಟ್ಟಿದ್ದಳು. ಬಾಗಿಲಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು, ಗುಬ್ಬಿ ಬಾಯಿ ತೆರೆಯುವ ತನಕ ಬಂದವರು ಯಾರೆಂದು ಅವಳಿಗೆ ತಿಳಿಯಲಿಲ್ಲ.

"ಅಕ್ಕಾ, ಏಳು. ನಡಿ, ನಾನೇ ಕರ್ಕೊಂಡು ಹೋಗ್ತೀನಿ," ಎಂದಳು ಗುಬ್ಬಿ.

"ಎಲ್ಲಿಗೆ?" ಎಂದಳು ಅಕ್ಕ.

ಭಾವ ನಿಧಾನವಾಗಿ ವಿವರಿಸಿದರು. ತಮ್ಮನ್ನೂ ಗುಬ್ಬಿಯನ್ನೂ ಬಿಟ್ಟರೆ ಅಕ್ಕನ ಫೋನಿನಲ್ಲಿ ಇದ್ದದ್ದೇ ನಾಲ್ಕು ಹೆಸರು, ನಾಲ್ವರ ಹತ್ತಿರವೂ ಸೋಮವಾರವೇ ಮಾತಾಡಿದ್ದರು. ಹಾಸ್ಟೆಲಿನ ಟೀಚರಮ್ಮ ತುಂಬ ಒಳ್ಳೆಯವರು, ಹೇಳಿದ್ದನ್ನು ಅರ್ಥ ಮಾಡಿಕೊಂಡರು. ಇವಳಿಗೆ ಕಣ್ಣು ಸರಿಯಿಲ್ಲ, ಮನಸ್ಸೂ ಸ್ವಲ್ಪ ಸರಿಯಿಲ್ಲ, ಚಿಕಿತ್ಸೆ ನಡೆಯುತ್ತಿದೆ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೊಡುವುದು ಮಕ್ಕಳಿಗೂ ಒಳ್ಳೆಯದಲ್ಲ ಎಂದಾಗ, ಮೊದಲೇ ತಿಳಿಸಿದ್ದು ಉಪಕಾರವಾಯಿತು ಎಂದರಂತೆ. ಇಷ್ಟು ಹೇಳಿ ಭಾವ, ಕೂತ್ಕೋ ಗುಬ್ಬಿ, ತಿಂಡಿ ತಿಂದುಕೊಂಡೇ ಹೋಗು ಎಂದು ಅಡುಗೆಮನೆಗೆ ನಡೆದರು.

ಗುಬ್ಬಿ ಅಕ್ಕನ ಪಕ್ಕದಲ್ಲಿ ಕೂತಳು. ಅಕ್ಕ ಗಾಳಿಯಲ್ಲಿ ತಡಕಿ ಅವಳ ಮೊಣಕೈ ಹಿಡಿದು, ಅಲ್ಲಿಂದ ಕೆಳಗೆ ಬಂದು ಅಂಗೈ ಹಿಡಿದುಕೊಂಡಳು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು.

"ಇವರನ್ನ ಏನೋ ಕೇಳ್ದೆಯಂತಲ್ಲ, ಭಾನುವಾರ," ಎಂದಳು ಅಕ್ಕ. "ಕಥೆಗೆ."

ಗುಬ್ಬಿ ಹೂಂ ಎಂದಳು.

"ಚೆನ್ನಾಗಿ ಬಂತಾ?"

ಅಕ್ಕನ ಮುಖದಲ್ಲಿ ಕೊಂಕಿರಲಿಲ್ಲ. ಸಿಟ್ಟೂ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ಇಷ್ಟು ವರ್ಷ ಪ್ರತಿ ಶನಿವಾರವೂ ತನಗೆ ಸುಳ್ಳು ಹೇಳದೆ ಎಲ್ಲವನ್ನೂ ಹೇಳಿದವಳಿಗೆ ಗುಬ್ಬಿ ಈಗ ಸುಳ್ಳು ಹೇಳಲಾರದೆ ಹೋದಳು.

"ಬಂತು ಅಕ್ಕಾ," ಎಂದಳು.

ಅಕ್ಕ ತಲೆಯಾಡಿಸಿದಳು. ಗುಬ್ಬಿಯ ಅಂಗೈಯನ್ನು ಎರಡು ಸಲ ಮೆಲ್ಲಗೆ ತಟ್ಟಿ ಬಿಟ್ಟಳು. ಭಾವ ಬಂದು ಹೊರಬಾಗಿಲು ಹಾಕಿ, ಮೇಜಿನ ಮೇಲೆ ಮೂರು ತಟ್ಟೆ ಇಟ್ಟು, ಮೂರಕ್ಕೂ ಬಡಿಸಿದರು. ಬಿಸಿಯಿದೆ, ನಿಧಾನ ಎಂದರು. ಅಕ್ಕ ತಿನ್ನತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಗುಬ್ಬಿಯೂ ತಿಂದಳು.